ರಾಣಿ ಹೊನ್ನಲದೇವಿಯ ಮೈಕು

ಹೊನ್ನಲದೇವಿಯನ್ನು ಇತಿಹಾಸದ ಪುಸ್ತಕದಲ್ಲಿ ಹುಡುಕಬೇಡಿ. ಶುಗರ್ ಲ್ಯಾಂಡ್ ಊರಿನ ನಮ್ಮ ಅಡುಗೆಮನೆಯಲ್ಲಿ ಹುಟ್ಟಿದ ರಾಣಿ ಅವಳು. ಕನ್ನಡ ಸಂಘದ ಯುಗಾದಿಗೆಂದು ನಾಟಕವನ್ನು ನಾನೇ ಬರೆದೆ, ನಾನೇ ನಿರ್ದೇಶಿಸಿದೆ, ರಾಣಿಯ ಪಾತ್ರಕ್ಕೆ ಬಹಳ ಹುಡುಕಾಡಿ ನನ್ನನ್ನೇ ಆರಿಸಿದೆ.

ಕಥೆ ಇಷ್ಟೇ. ರಾಜ ಸಾಯುತ್ತಾನೆ, ಮಗ ಚಿಕ್ಕವನು, ಅವನು ದೊಡ್ಡವನಾಗುವವರೆಗೆ ರಾಣಿಯೇ ರಾಜ್ಯ ಆಳುತ್ತಾಳೆ. ನನ್ನ ಗಂಡ ಬದರಿನಾಥ್ ಮೊದಲ ದೃಶ್ಯದಲ್ಲೇ ಸತ್ತು, ಕಿರೀಟ ನನಗೆ ಕೊಟ್ಟು, ಬಿಸಿಬೇಳೆ ಬಾತ್ ಬಡಿಸಲು ಹೋದರು. ಮನೆಯಲ್ಲೂ ಹೆಚ್ಚುಕಡಿಮೆ ಇದೇ ವ್ಯವಸ್ಥೆ.

ರಾಜಕುಮಾರ ನಮ್ಮ ಮಗಳು ದಿಯಾ. ನಾಟಕದ ಮಾರನೆಯ ದಿನ ಅವಳು ಹೊಸ ಕೆಲಸಕ್ಕೆಂದು ಆಸ್ಟಿನ್‌ಗೆ ಹೊರಡುವವಳಿದ್ದಳು. ಅಲ್ಲೇ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಮನೆ ಹುಡುಕಿದವಳು ನಾನು, ಕಿಟಕಿ ಪರದೆಯ ಬಣ್ಣ ಆರಿಸಿದವಳೂ ನಾನು. ಒಂದು ತಿಂಗಳು ಜೊತೆಗಿರೋಣವೆಂದು, ಅವಳನ್ನು ಕೇಳದೆಯೇ, ನನ್ನ ಸೂಟ್‌ಕೇಸನ್ನೂ ಕುಕ್ಕರನ್ನೂ ಅವಳ ಕಾರಿನಲ್ಲಿ ಇಟ್ಟಿದ್ದೆ. ಅವಳಿಲ್ಲದ ಮನೆಯನ್ನು ನೆನೆದರೆ ನನಗೆ ಭಯವಾಗುತ್ತಿತ್ತು.

ದಿಯಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಆದರೂ ನನಗೆ ನಂಬಿಕೆಯಿರಲಿಲ್ಲ. ಪಟ್ಟಾಭಿಷೇಕದ ದೃಶ್ಯದಲ್ಲಿ ಅವಳು ಬಾಯಿ ತೆರೆಯುವಷ್ಟರಲ್ಲೇ ಪಿಸುಗುಟ್ಟಿ ಹೇಳಿಕೊಟ್ಟೆ. ಸೆರಗಿಗೆ ಸಿಕ್ಕಿಸಿದ್ದ ಮೈಕು ನೆನಪಿರಲಿಲ್ಲ.

"ತಾಯೇ, ಆಳಿದ್ದು ಸಾಕು, ಸಿಂಹಾಸನ ಬಿಡಿ" ಎಂದು ನನ್ನದೇ ದನಿ ಹಾಲ್ ತುಂಬ ಮೊಳಗಿತು. ತನಗೆ ತಾನೇ ಇಳಿಯಲು ಅಪ್ಪಣೆ ಕೊಟ್ಟ ರಾಣಿ ನಾನೊಬ್ಬಳೇ ಇರಬೇಕು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕೋಕಿಲಾ, ಮೈಕ್ ಆನ್ ಇದೆ ಕಣೇ" ಎಂದು ಸತ್ತ ರಾಜ ಸೌಟು ಹಿಡಿದುಕೊಂಡೇ ಹಿಂದಿನಿಂದ ಕೂಗಿದರು.

ದಿಯಾ ಹತ್ತಿರ ಬಂದು ನನ್ನ ಮೈಕನ್ನು ಅಂಗೈಯಿಂದ ಮುಚ್ಚಿದಳು.

"ಅಮ್ಮಾ, ನಂಗೆ ಬರತ್ತೆ. ನೀನು ಸುಮ್ನಿರು."

ಈ ಕನ್ನಡ ನಾನು ಬರೆದುಕೊಟ್ಟದ್ದಲ್ಲ. ಸಂಕಟವಾಯಿತು, ಹೆಮ್ಮೆಯೂ ಆಯಿತು. ಸುಮ್ಮನಾದೆ. ಅವಳು ತನ್ನ ಮಾತನ್ನು ಒಂದಕ್ಷರ ತಪ್ಪದೆ ಹೇಳಿದಳು. ಡಲ್ಲಾಸ್ ಸಂಘದವರಿಂದ ಎರವಲು ತಂದಿದ್ದ ಕಿರೀಟ ನನ್ನ ಕೂದಲಿಗೆ ಸಿಕ್ಕಿಕೊಂಡಿತ್ತು. ನೋವಾಗದ ಹಾಗೆ ಪಿನ್ನುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದುಕೊಂಡಳು.

ಬೆಳಿಗ್ಗೆ ಅವಳು ಏಳುವ ಮೊದಲೇ ಹೋಗಿ ಕಾರಿನಿಂದ ನನ್ನ ಸೂಟ್‌ಕೇಸ್ ಇಳಿಸಿದೆ. ಕುಕ್ಕರ್ ಇಳಿಸಲಿಲ್ಲ.