ಹೊಗೆಯ ಹದ

ಹಿತ್ತಲಿನ ಒಗೆಯುವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತ ಹೇಮಶ್ರೀ, ಪೈಪಿನ ಬಾಯಿಗೆ ಹುಣಸೆಹಣ್ಣು ತುರುಕಿ, ಬೂದಿ ಮುಟ್ಟಿಸಿ, ತೆಂಗಿನ ನಾರಿನಲ್ಲಿ ಗಸಗಸ ತಿಕ್ಕುತ್ತಿದ್ದಳು. ಬೆಳಗಿನಿಂದ ಚೊಂಬು, ತಟ್ಟೆ, ದೀಪದ ಕಂಬಗಳನ್ನೆಲ್ಲ ತೊಳೆದಿಟ್ಟ ಮೇಲೆ ಉಳಿದದ್ದು ಮಾವ ಸೇದುತ್ತಿದ್ದ ಈ ಮರದ ಪೈಪೊಂದೇ. ಒಳಗೆ ಗಟ್ಟಿಕಟ್ಟಿದ್ದ ಕಪ್ಪನ್ನು ಮೊಳೆಯಿಂದ ಕೆರೆದು ತೆಗೆದಾಗಿತ್ತು. ಮಣ್ಣಿಗೆ ಹೋಗುವಾಗ ಮಾವನ ಕೈಯಲ್ಲಿರುವ ಸಾಮಾನು, ಶುದ್ಧವಾಗಿರಲಿ ಎಂದು ಅವಳ ಆಸೆ.

ಅತ್ತೆ ಕರಿಯಮ್ಮ ಬಂದು ಕೈಚಾಚಿದಳು. ಪೈಪನ್ನು ಮೂಗಿಗೆ ಹಿಡಿದಳು. ತಿರುಗಿಸಿ ಮತ್ತೊಮ್ಮೆ ಹಿಡಿದಳು.

“ಹುಣ್ಸೆಹಣ್ಣು ವಾಸ್ನೆ ಬತ್ತೈತಲ್ಲೇ.”

“ಚೆನ್ನಾಗ್ ತೊಳ್ದೀನಿ ಅತ್ತೆ. ಎಷ್ಟ್ ಕಸ ಇತ್ತು ಅಂತೀರಾ!”

“ಕಸ ಅಲ್ಲ ಕಣವ್ವ ಅದು. ಅವ್ರ ಹೊಗೆ. ತಂಬಾಕಿನ ಡಬ್ಬ ಖಾಲಿಯಾಗಿ ತಿಂಗ್ಳಾಯ್ತು. ಆ ವಾಸ್ನೆ ಇದ್ರಾಗ್ ಮಾತ್ರ ಉಳ್ಕಂಡಿತ್ತು.”

ಬೈದಿದ್ದರೆ ಹೇಮಶ್ರೀಗೆ ಸುಲಭವಾಗುತ್ತಿತ್ತು. ಕರಿಯಮ್ಮ ಬೈಯಲಿಲ್ಲ. ಪೈಪನ್ನು ಬಿಸಿಲಿಗೆ, ನೀರಿನ ಟ್ಯಾಂಕಿನ ಮುಚ್ಚಳದ ಮೇಲಿಟ್ಟು ಒಳಗೆ ಹೋದಳು.

ಜಗಲಿಯ ಮೇಲೆ ಬೀರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹೊಸ ಪಂಚೆ, ತಲೆಗೆ ಪೇಟ, ಹಣೆಗೆ ಭಂಡಾರ. ತೋಟದ ಮೂಲೆಯಲ್ಲಿ ಗುಣಿ ತೋಡುವ ಸದ್ದು ಕೇಳುತ್ತಿತ್ತು. ಸತ್ತವರಿಗೆ ಇಷ್ಟವಾದದ್ದನ್ನು ಗುಣಿಯೊಳಗೆ ಕೈಗಿಟ್ಟು ಕಳಿಸುವುದು ಅವರಲ್ಲಿ ನಡೆದುಬಂದ ರೂಢಿ. ಬೀರಪ್ಪನ ತಮ್ಮ ಅಜ್ಜಯ್ಯ ಜೇಬಿನಿಂದ ಬೀಡಿ ಕಟ್ಟು ತೆಗೆದ.

“ಇದ್ನೇ ಇಡಾನ ಬಿಡತ್ತಿಗೆ. ಹೊಗೆಗೆ ಹೊಗೆ. ಅಲ್ಲಿ ಯಾರು ಕೇಳ್ತಾರೆ?”

“ನಿಮ್ಮಣ್ಣ ಬೀಡಿ ಮುಟ್ಟಿದ್ದು ನೋಡಿದ್ಯಾ?”

“ಇಲ್ಲ.”

“ಮತ್ತೆ? ಇನ್ನೊಬ್ಬರ ಹೊಗೆ ಕೊಟ್ಟು ಕಳ್ಸಲ್ಲ ನಾನು.”

ಬಾಗಿಲಲ್ಲಿ ನಿಂತಿದ್ದ ಹೇಮಶ್ರೀ ಮೆಲ್ಲಗೆ ಕೇಳಿದಳು: “ಮಾವ ಏನೇನ್ ಬೆರೆಸ್ತಿದ್ರು ಅತ್ತೆ? ಹೇಳಿ, ತರ್ಸಾನ.”

“ಅದೇ ಗೊತ್ತಿಲ್ವಲ್ಲೇ. ತೋಟದ ಮನೇಲಿ ಬೆರೆಸ್ಕಂಡು ಬರೋರು. ನಂಗೆ ವಾಸ್ನೆ ಗೊತ್ತು, ಅಷ್ಟೆ.”

*

ಬೀರಪ್ಪನಿಗೆ ಆಗಿನ್ನೂ ಮೀಸೆ ಬಲಿತಿರಲಿಲ್ಲ. ಅಜ್ಜಂಪುರದ ಕಡೆ ಕಾಲುವೆಯ ಅಳತೆಗೆ ಬಂದಿದ್ದ ಎಂಜಿನಿಯರ್ ಒಬ್ಬರ ಹಿಂದೆ ಅವನು ಅಳತೆಯ ಸರಪಳಿ ಹೊತ್ತುಕೊಂಡು ತಿರುಗಿದ. ಕೆಲಸ ಮುಗಿದ ದಿನ ಅವರು ತಮ್ಮ ಹಳೆಯ ಪೈಪನ್ನೂ ಅರ್ಧ ಡಬ್ಬ ತಂಬಾಕನ್ನೂ ಅವನ ಕೈಗಿಟ್ಟು ಜೀಪು ಹತ್ತಿದರು. ತಂಬಾಕು ಬೇಗ ಮುಗಿಯಿತು, ಪೈಪು ಉಳಿಯಿತು.

ಖಾಲಿ ಡಬ್ಬ ಹಿಡಿದು ಅವನು ಕಡೂರಿನ ಅಂಗಡಿಗಳನ್ನೆಲ್ಲ ಸುತ್ತಿದ. ಬೀಡಿ, ಸಿಗರೇಟು, ನಶ್ಯ, ಕಡ್ಡಿಪುಡಿ, ಎಲ್ಲ ಇತ್ತು, ಅದೊಂದಿರಲಿಲ್ಲ. ತರೀಕೆರೆಯ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಅಂಗಡಿಯವನು, “ಪೈಪಿಗಾ? ಅರ್ಧ ಇಂಚಾ, ಮುಕ್ಕಾಲಿಂಚಾ?” ಎಂದ. ಬೀರಪ್ಪ ಡಬ್ಬದ ಮುಚ್ಚಳ ತೆಗೆದು ಅವನ ಮೂಗಿಗೇ ಹಿಡಿದ. “ಈ ವಾಸ್ನೆದು ಬೇಕು ಸ್ವಾಮಿ.” ಅಂಗಡಿಯವನು ಕಣ್ಣುಮುಚ್ಚಿ ಎಳೆದುಕೊಂಡು, “ಇಂಥಾದ್ದು ಈ ಸೀಮೇಲಿ ಸಿಗಲ್ಲ ಕಣಯ್ಯ. ಸಿಕ್ಕಿದ್ರೆ ನಂಗೂ ಹೇಳು,” ಎಂದು ನಕ್ಕ.

ಅಲ್ಲಿಂದಾಚೆಗೆ ಬೀರಪ್ಪ ಸಂತೆಗೆ ಹೋದಾಗಲೆಲ್ಲ ಒಂದೊಂದು ಎಲೆ ಮುರಿದು ಮೂಸಿ ನೋಡುವುದನ್ನು ಕಲಿತ. ಬೀಡಿಯ ಸೊಪ್ಪು ತುಂಬಿದರೆ ನಾಲಿಗೆ ಸುಡುತ್ತಿತ್ತು. ಜಗಿಯುವ ಸೊಪ್ಪು ತುಂಬಿದರೆ ತಲೆ ಗಿರ್ರೆನ್ನುತ್ತಿತ್ತು. ಒಮ್ಮೆ ಒಣಗಿದ ಅಂಜೂರದ ಎಲೆ ಹಾಕಿ ಸೇದಿದಾಗ ಕೊಟ್ಟಿಗೆಯ ಎಮ್ಮೆ ಹಗ್ಗ ಕಿತ್ತುಕೊಂಡು ಹೋಯಿತೆಂದು ಅಜ್ಜಯ್ಯ ಈಗಲೂ ಹೇಳಿಕೊಂಡು ನಗುತ್ತಾನೆ.

*

ಮಧ್ಯಾಹ್ನದ ಹೊತ್ತಿಗೆ ಅಜ್ಜಂಪುರದ ತೀರ್ಥಪ್ಪ ಬೈಕಿನಲ್ಲಿ ಬಂದ. ಸಂತೆಯಲ್ಲಿ ಹೊಗೆಸೊಪ್ಪು ಮಾರುವವನು. ಹಾರ ಹಾಕಿ, ಕೈಮುಗಿದು, ಚೀಲದಿಂದ ಎಲೆಯ ಕಂತೆಯೊಂದನ್ನು ತೆಗೆದ.

“ನನ್ ಸೊಪ್ಪು ಬಿಟ್ರೆ ಬೇರೇದು ಮುಟ್ಟೋನಲ್ಲ ನಮ್ ಬೀರಪ್ಪ. ಬೆಲ್ಲದ ನೀರಾಗ್ ನೆನ್ಸಿ, ನೆಳ್ಳಾಗ್ ಒಣಗ್ಸು ಅಂತ ನಾನೇ ಹೇಳ್ಕೊಟ್ಟಿದ್ದು.”

ಹೆಂಗಸರ ಹಿಂದೆ ನಿಂತಿದ್ದ ಕಡೂರಿನ ಬೀಡಾ ಅಂಗಡಿಯ ಶಿವಕುಮಾರ್ ಗಂಟಲು ಸರಿಮಾಡಿಕೊಂಡ. “ಹಂಗನ್ಬೇಡಿ. ಬಂದಾಗ್ಲೆಲ್ಲ ನಮ್ಮಂಗ್ಡೀಲಿ ಸಿಗರೇಟು ತಗಂಡು, ಅಲ್ಲೇ ಬಿಚ್ಚಿ ತಂಬಾಕು ಕಾಗ್ದಕ್ಕೆ ಸುರ್ಕೊಂಡು ಹೋಗೋರು. ಸೊಪ್ಪಿನ ಸುದ್ದೀನೇ ಎತ್ತಿಲ್ಲ ನನ್ ಹತ್ರ.”

“ನನ್ ಹತ್ರ ಸಿಗರೇಟಿನ ಸುದ್ದಿ ಎತ್ತಿದ್ರೆ ಕೇಳಿ!”

ಇಬ್ಬರೂ ಜಗಲಿಯ ಕಡೆ ನೋಡಿದರು. ಬೀರಪ್ಪ ಪೇಟ ಸುತ್ತಿಕೊಂಡು, ತನಗೇನೂ ಸಂಬಂಧವಿಲ್ಲವೆಂಬಂತೆ ಕುಳಿತಿದ್ದ.

ಹೇಮಶ್ರೀ ಮೊರ ತಂದಳು. ಸಿಗರೇಟಿಗೆ ಗಂಡ ಸಿದ್ದೇಶನನ್ನು ಓಡಿಸಿದಳು. ಸೊಪ್ಪನ್ನು ಬೆಲ್ಲದ ನೀರಲ್ಲಿ ಅದ್ದಿ, ಕಾದ ಹೆಂಚಿನ ಮೇಲೆ ಬೆಚ್ಚಗೆ ಮಾಡಿ, ಸಣ್ಣಗೆ ಹೆಚ್ಚಿ, ಸಿಗರೇಟಿನ ತಂಬಾಕಿನೊಡನೆ ಕಲಸಿ ಅತ್ತೆಯ ಮುಂದೆ ಹಿಡಿದಳು.

ಕರಿಯಮ್ಮ ಮೂಸಿ ತಲೆಯಾಡಿಸಿದಳು. “ಹತ್ರ ಐತೆ. ಏನೋ ಒಂದು ಇಲ್ಲ.”

ಹೇಮಶ್ರೀ ಅಡುಗೆಮನೆಯಲ್ಲಿ ಸುಮ್ಮನೆ ನಿಂತಳು. ಡಬ್ಬಗಳ ಸಾಲನ್ನು ನೋಡುತ್ತಿರುವಾಗ ಏನೋ ಹೊಳೆಯಿತು. ಹಬ್ಬದ ಮಾರನೆಯ ದಿನ ಮಾವ ಬಾಗಿಲಿಗೆ ಬಂದು, “ಏಲಕ್ಕಿ ಸಿಪ್ಪೆ ಎಸ್ದ್ಬಿಟ್ಯೇನವ್ವ?” ಎಂದು ಕೇಳುತ್ತಿದ್ದರು. ಚಹಾಕ್ಕಿರಬೇಕು ಎಂದುಕೊಂಡು ಅವಳು ಪೊಟ್ಟಣ ಕಟ್ಟಿ ಕೊಡುತ್ತಿದ್ದಳು. ಮಾವ ಚಹಾ ಕುಡಿಯುತ್ತಿರಲಿಲ್ಲವೆಂಬುದು ಈಗ ನೆನಪಾಯಿತು.

ಸಿಪ್ಪೆ ಪುಡಿಮಾಡಿ ತಂದು ಉದುರಿಸಿದಾಗ ಕರಿಯಮ್ಮನ ಮೂಗು ಅರಳಿತು. ಆದರೂ ಒಪ್ಪಲಿಲ್ಲ. “ಹಸೀದು ಮೂಸಿದ್ರೆ ಏನ್ ಗೊತ್ತಾಯ್ತದೆ? ಹಚ್ಚಬೇಕು. ನಾನು ಒಳಗಿರ್ಬೇಕು.”

*

ಕರಿಯಮ್ಮ ಗಂಡನನ್ನು ಹೊಗೆಯ ಸಲುವಾಗಿ ಮನೆಯಿಂದಾಚೆ ಹಾಕಿದ್ದಾಳೆಂದು ಅವರ ಊರು ಪಂಚನಹಳ್ಳಿಗೆಲ್ಲ ಗೊತ್ತಿತ್ತು. ಸಂಜೆಯಾದರೆ ಬೀರಪ್ಪ ಜಗಲಿಯಲ್ಲಿ, ಅವಳು ಬಾಗಿಲ ಮರೆಯಲ್ಲಿ. ಒಳಗೆ ಬಂದ ಹೊಗೆಗೆ ಅವಳು ಕೆಮ್ಮಿದರೆ ಅವನು ಪೈಪನ್ನು ಕಲ್ಲಿಗೆ ಕುಟ್ಟಿ ಬರಿದುಮಾಡಿ, ಮಾರನೆಯ ದಿನ ಬೇರೆ ಹದ ಹಾಕುತ್ತಿದ್ದ. ಹೀಗೆ ಎಷ್ಟು ಸಂತೆಗಳು ಕಳೆದವೋ. ಒಂದು ಸಂಜೆ ಅವಳು ಕೆಮ್ಮಲಿಲ್ಲ. ಅಕ್ಕಿ ಆರಿಸುತ್ತಿದ್ದ ಮೊರವನ್ನು ಹೊಸ್ತಿಲ ಹತ್ತಿರಕ್ಕೆ ಎಳೆದುಕೊಂಡಳು. ಅಂದಿನಿಂದ ಬೀರಪ್ಪ ಹದ ಬದಲಾಯಿಸಲಿಲ್ಲ.

*

ಚಟ್ಟ ಅಂಗಳಕ್ಕೆ ಬಂದಿತ್ತು. ಹೊರುವವರು ಹೆಗಲ ಮೇಲೆ ವಲ್ಲಿಬಟ್ಟೆ ಹಾಕಿಕೊಂಡು ನಿಂತಿದ್ದರು. ಪೈಪು ಒಣಗಿತ್ತು, ತುಂಬಿಯೂ ಆಗಿತ್ತು. ಹಚ್ಚುವವರು ಯಾರು? ತೀರ್ಥಪ್ಪ ಜಗಿಯುವವನು. ಶಿವಕುಮಾರ್ ಎದೆ ಮುಟ್ಟಿಕೊಂಡು, “ಸ್ಟೆಂಟ್ ಹಾಕ್ಸೀನಿ ಕಣ್ರೀ,” ಎಂದ. ಸೇದಿಯೇ ಗೊತ್ತಿಲ್ಲದ ಸಿದ್ದೇಶ ತಲೆ ತಗ್ಗಿಸಿದ.

“ಕೊಡ್ರಲೇ ಇಲ್ಲಿ,” ಎಂದು ಅಜ್ಜಯ್ಯ ಇಸಿದುಕೊಂಡು ಕಡ್ಡಿ ಗೀರಿ ಜೋರಾಗಿ ಎಳೆದ.

ಒಳಗಿನಿಂದ ಕರಿಯಮ್ಮನ ಧ್ವನಿ ಬಂತು: “ಯಾರದು, ಅಜ್ಜಯ್ಯನಾ? ಕಸಕ್ಕೆ ಬೆಂಕಿ ಹಾಕ್ದಂಗೈತೆ.”

ಹೊರುವವರಲ್ಲಿ ಒಬ್ಬ ನಕ್ಕು, ಸಾವಿನ ಮನೆ ಎಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡ.

ಹೇಮಶ್ರೀ ಮುಂದೆ ಬಂದಳು. ಸೆರಗಿನಿಂದ ಪೈಪಿನ ತುದಿ ಒರೆಸಿದಳು. ಬೂದಿ ಕೊಡವಿ, ಹೊಸದಾಗಿ ತುಂಬಿ, ಬೆರಳಲ್ಲಿ ಮೆತ್ತಗೆ ಒತ್ತಿದಳು. ಅಡುಗೆಮನೆಯ ಕಿಟಕಿಯಿಂದ ದಿನಾ ಕಂಡದ್ದೇ ಅದು. ನೆಂಟರ ಹೆಂಗಸರು ಒಬ್ಬರನ್ನೊಬ್ಬರು ತಿವಿದರು.

“ಏನಮ್ಮ ಇದು, ಸೊಸೆಯಾಗಿ!” ಎಂದು ಯಾರೋ ಅಂದರು.

ಅವಳು ಮಾವನ ಪಕ್ಕದಲ್ಲಿ ಜಗಲಿಯ ಮೇಲೆ ಕುಳಿತು ಕಡ್ಡಿ ಗೀರಿದಳು. ಮೊದಲ ಉಸಿರಿಗೆ ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು. ತಡೆದುಕೊಂಡು ಮಗುವಿಗೆ ಬಿಸಿಗಂಜಿ ಆರಿಸುವಷ್ಟು ಮೆಲ್ಲಗೆ, ಬಿಟ್ಟು ಬಿಟ್ಟು ಎಳೆದಳು. ತೆಳ್ಳಗಿನ ಹೊಗೆ ಬೀರಪ್ಪನ ಪೇಟವನ್ನು ಬಳಸಿಕೊಂಡು ಬಾಗಿಲ ಕಡೆ ಹೋಯಿತು.

“ಇನ್ನೊಂದ್ ಚಿಟಿಕೆ ಸಿಪ್ಪೆ,” ಎಂದಿತು ಒಳಗಿನ ಧ್ವನಿ.

ಹಾಕಿದಳು. ಮತ್ತೆ ಎಳೆದಳು. ಒಳಗಿನಿಂದ ಕೆಮ್ಮು ಬರಲಿಲ್ಲ. ಅಜ್ಜಯ್ಯ ಇಳಿಯುತ್ತಿದ್ದ ಸೂರ್ಯನ ಕಡೆ ನೋಡಿದ. ಹೊರುವವರು ಚಟ್ಟ ಸರಿಮಾಡಲು ಬಗ್ಗಿದರು.

“ಸಾಕು ಬನ್ನಿ ಒಳಕ್ಕೆ,” ಎಂದಳು ಕರಿಯಮ್ಮ, ದಿನಾ ಸಂಜೆ ಗಂಡನಿಗೆ ತಟ್ಟೆ ಇಡುತ್ತಿದ್ದವಳ ದನಿಯಲ್ಲಿ. “ಮುದ್ದೆ ಆರೋಗ್ತದೆ.”

ಚಟ್ಟಕ್ಕೆ ಬಗ್ಗಿದ್ದವರು ಬಗ್ಗಿದ ಹಾಗೆಯೇ ನಿಂತರು. ಹೇಮಶ್ರೀ ಬಾಯಿಂದ ಪೈಪನ್ನು ತೆಗೆಯಲಿಲ್ಲ. ಅದು ಆರದ ಹಾಗೆ, ಇನ್ನೂ ಸಣ್ಣಗೆ, ಮತ್ತೊಂದು ಉಸಿರು ಎಳೆದಳು.