ಹದಿನೆಂಟು ಗಂಟೆಯ ಸುಳ್ಳು

ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬರೇ ಇರಬಹುದು ಎಂದು ಸಿಸ್ಟರ್ ಹೇಳಿದಾಗ ಮಗಳು ಗಂಡನನ್ನು ಬಿಟ್ಟು ನನ್ನ ಕೈ ಹಿಡಿದಳು. "ಅಮ್ಮ ಬರ್ಲಿ. ಅವಳಿಗೆ ಎಲ್ಲಾ ಗೊತ್ತು" ಎಂದಳು. ಹೊರಗೆ ಬೆಂಚಿನ ಮೇಲೆ ಅಳಿಯನ ಪಕ್ಕ ಕೂತಿದ್ದ ನನ್ನ ಯಜಮಾನರು ತಲೆಯೆತ್ತಿ ಫ್ಯಾನ್ ನೋಡತೊಡಗಿದರು. ನನಗೆ ಏನೇನೂ ಗೊತ್ತಿಲ್ಲವೆಂದು ಗೊತ್ತಿದ್ದವರು ಅವರೊಬ್ಬರೇ.

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಾರು ಕಲಿಸುವವಳು. ಬಾಯಿ ಜೋರು. ಈ ಎಡವಟ್ಟೂ ಆ ಬಾಯಿಂದಲೇ ಆದದ್ದು. ಮಗಳು ಹೊಟ್ಟೆಯಲ್ಲಿ ಅಡ್ಡಡ್ಡ ಮಲಗಿದ್ದಳೆಂದು ನನಗೆ ಪ್ರಜ್ಞೆ ತಪ್ಪಿಸಿ, ಹೊಟ್ಟೆ ಕೊಯ್ದು ತೆಗೆದಿದ್ದರು. ಒಂದು ನೋವೂ ಬಂದಿರಲಿಲ್ಲ. ನಾನು ಕಣ್ಣು ಬಿಟ್ಟಾಗ ಅವಳಿಗೆ ಆಗಲೇ ಎರಡು ಗಂಟೆ ವಯಸ್ಸು. ಪಕ್ಕದ ಹಾಸಿಗೆಯ ಹೆಂಗಸು, "ನೋವೇ ತಿನ್ನದೆ ತಾಯಿ ಆಗ್ಬಿಟ್ರಲ್ಲ, ಬಿಡಿ" ಎಂದು ಕೊಂಕು ನುಡಿದಳು. ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ಮುಂದೆ ಬೇರೆ ಊರಿಗೆ ಬಂದ ಮೇಲೆ ಯಾರಾದರೂ ಕೇಳಿದರೆ, "ಹದಿನೆಂಟು ಗಂಟೆ ನೋವು ತಿಂದೆ ಕಣ್ರೀ, ಒಂದು ಸಲಾನೂ ಕಿರುಚಲಿಲ್ಲ" ಎನ್ನುತ್ತಿದ್ದೆ. ಹೊಟ್ಟೆಯ ಮೇಲಿನ ಗಾಯದ ಗುರುತು ಅಪೆಂಡಿಕ್ಸ್‌ನದು ಎಂದೆ. ಮಗಳು ಎದುರು ಮಾತಾಡಿದಾಗಲೆಲ್ಲ ಅದೇ ಹದಿನೆಂಟು ಗಂಟೆಯನ್ನು ಅವಳ ಮುಖಕ್ಕೆ ಹಿಡಿದೆ.

ಈಗ ಮಧ್ಯಾಹ್ನ ಎರಡು ಗಂಟೆ. ಬೆಳಿಗ್ಗೆ ಐದಕ್ಕೆ ಶುರುವಾದ ನೋವು ಎರಡೆರಡು ನಿಮಿಷಕ್ಕೆ ಬರುತ್ತಿತ್ತು. ಪ್ರತಿ ಸಲವೂ ಮಗಳು ಹಲ್ಲು ಕಚ್ಚಿ, ಉಸಿರು ಕಟ್ಟಿ, ಮೈಯೆಲ್ಲ ಸೆಟೆಸಿಕೊಂಡು ಮಲಗುತ್ತಿದ್ದಳು. ಬಾಯಿಂದ ಒಂದು ಸದ್ದಿಲ್ಲ.

"ಉಸಿರು ಕಟ್ಟಬೇಡಮ್ಮ, ಬಾಯಿ ಬಿಟ್ಟು ಕೂಗು" ಎಂದರು ಸಿಸ್ಟರ್. "ಈಗ್ಲೇ ಸುಸ್ತಾದ್ರೆ ಆಮೇಲೆ ಮುಕ್ಕಿ ಮಗು ಹೊರಗೆ ತಳ್ಳೋಕೆ ಶಕ್ತಿ ಎಲ್ಲಿಂದ ತರ್ತೀಯ?"

ಅಭ್ಯಾಸಬಲ ನೋಡಿ, "ಮೆಲ್ಲಗೆ ಬಿಡು, ಮೆಲ್ಲಗೆ ಬಿಡು" ಎಂದೆ ನಾನು.

"ಕ್ಲಚ್ ಅಲ್ಲಮ್ಮ ಇದು!" ಮಗಳು ಹಲ್ಲಿನ ಸಂದಿಯಿಂದಲೇ ಗದರಿದಳು.

ಸಿಸ್ಟರ್ ಪರೀಕ್ಷೆ ಮಾಡಿದರು. ಗರ್ಭಕೋಶದ ಬಾಯಿ ಎಂಟು ಸೆಂಟಿಮೀಟರ್ ತೆರೆದಿತ್ತು, ಹತ್ತಾಗಬೇಕಿತ್ತು. "ಮಗು ಎದೆಬಡಿತ ಚೆನ್ನಾಗಿದೆ. ಇವಳೇ ಸೋತುಬಿಟ್ರೆ ಮಾತ್ರ ಡಾಕ್ಟರು ಬೇರೆ ದಾರಿ ನೋಡ್ಬೇಕಾಗುತ್ತೆ" ಎಂದರು.

ಮಗಳ ಕಣ್ಣಲ್ಲಿ ನೀರು ತುಂಬಿತು. "ನನ್ನ ಕೈಲಾಗಲ್ಲಮ್ಮ. ನೀನು ಹದಿನೆಂಟು ಗಂಟೆ ತುಟಿ ಪಿಟಕ್ಕನ್ನದೆ ತಡ್ಕೊಂಡೆ. ನಾನು ಒಂಬತ್ತಕ್ಕೇ ಸೋತೆ. ನಾನು ನಿನ್ನ ಹಾಗಲ್ಲ."

ಹೇಳಿದರೆ ಇವಳು ಇನ್ನು ನನ್ನ ಒಂದು ಮಾತನ್ನೂ ನಂಬಲಿಕ್ಕಿಲ್ಲ. ಹೇಳದಿದ್ದರೆ ನನ್ನ ಸುಳ್ಳಿಗೋಸ್ಕರ ಇವಳು ಹಲ್ಲು ಕಚ್ಚಿಕೊಂಡು ಒದ್ದಾಡಬೇಕು. ಹಾಳಾಗಿ ಹೋಗಲಿ ನನ್ನ ಮರ್ಯಾದೆ ಎನ್ನಿಸಿತು.

"ಸುಳ್ಳು ಕಣೇ, ಎಲ್ಲಾ ಸುಳ್ಳು" ಎಂದೆ. "ನಂಗೆ ಒಂದು ನೋವೂ ಬರ್ಲಿಲ್ಲ. ಆಪರೇಶನ್ ಮಾಡಿ ತೆಗೆದ್ರು ನಿನ್ನ. ನಾನು ಸತ್ತ ಹಾಗೆ ನಿದ್ದೆ ಹೊಡೀತಿದ್ದೆ."

ಅವಳು ನನ್ನನ್ನೇ ದಿಟ್ಟಿಸಿದಳು. "ಮತ್ತೆ ಅಪೆಂಡಿಕ್ಸು?"

"ಗುಂಡುಕಲ್ಲಿನ ಹಾಗೆ ಒಳಗೇ ಇದೆ."

ಅಷ್ಟರಲ್ಲಿ ಇನ್ನೊಂದು ನೋವು ಬಂತು. ಮಗಳು ಬಾಯಿ ತೆರೆದು, ಹೊರಗಿನ ಬೆಂಚಿಗೂ ಕೇಳುವಂತೆ ಕೂಗಿದಳು. "ಸುಳ್ಳೀ!"

"ಹಾಂ, ಹಾಗೆ! ಚೆನ್ನಾಗಿ ಬೈಯಮ್ಮ" ಎಂದರು ಸಿಸ್ಟರ್. "ನನ್ನ ಕೈಲಾಗಲ್ಲ ಅಂತ ತುಂಬಾ ಜನ ಅನ್ನೋದೇ ಈ ಹೊತ್ತಲ್ಲಿ. ಅಂದ್ರೆ ಹತ್ರ ಬಂತು ಅಂತ."

ಆಮೇಲೆ ಒಂದೊಂದು ನೋವಿಗೂ ಒಂದೊಂದು ಬೈಗುಳ. ಗಣಿತದಲ್ಲಿ ನಲವತ್ತು ಬಂದಿದ್ದಕ್ಕೆ ಅಳಿಸಿದ್ದು, ತಡವಾಗಿ ಬಂದಿದ್ದಕ್ಕೆ ಬಾಗಿಲಲ್ಲಿ ನಿಲ್ಲಿಸಿದ್ದು, ಎಲ್ಲ ಹೊರಬಂತು. "ಹೂಂ, ನಂದೇ ತಪ್ಪು" ಎನ್ನುತ್ತ ನಾನು ಬೆನ್ನು ನೀವಿದೆ. ನೋವಿನ ನಡುವೆ ಅವಳ ಭುಜ ಕೆಳಗಿಳಿಯಿತು, ನೀರು ಕೇಳಿ ಕುಡಿದಳು, ಒಮ್ಮೆ ನಕ್ಕೂಬಿಟ್ಟಳು. ಮೂರು ಗಂಟೆಗೆ ಸಿಸ್ಟರ್ "ಪೂರ್ತಿ ತೆರೀತು, ಇನ್ನು ಮುಕ್ಕು" ಎಂದರು. ನಲವತ್ತು ನಿಮಿಷ ಮುಕ್ಕಿದಳು ನನ್ನ ಮಗಳು. ಮಗು ಅತ್ತಾಗ ನಾನು ಸ್ಟೂಲಿನ ಮೇಲೆ ಕುಸಿದು ಕೂತು ಹೋ ಎಂದು ಅತ್ತುಬಿಟ್ಟೆ.

"ಹೆತ್ತಿದ್ದು ನಾನು, ಅಳೋದು ನೀನು" ಎಂದಳು. ಎದೆಯ ಮೇಲೆ ಮಗು ಮಲಗಿತ್ತು. ಅದರ ಬೆನ್ನು ಸವರುತ್ತ ಕೇಳಿದಳು. "ನಾನು ಹುಟ್ಟಿದ್ದು ನಿನಗೆ ಗೊತ್ತೇ ಆಗ್ಲಿಲ್ವಾಮ್ಮ?"

"ಇಲ್ಲ ಕಣೇ. ಅದೇ ಬೇಜಾರು ನಂಗೆ, ಇವತ್ತಿಗೂ."

ಅವಳು ಕೈ ಚಾಚಿ ನನ್ನ ಬೆರಳು ಹಿಡಿದುಕೊಂಡಳು. "ನಂಗೆ ಇಲ್ಲಿಂದ ಏನೂ ಕಾಣಿಸ್ಲಿಲ್ಲ. ಇವಳು ಹೇಗೆ ಬಂದ್ಲು, ನೀನೇ ಹೇಳು."

ಹೇಳಿದೆ. ಮೊದಲು ಅಂಗಿಯ ಗುಂಡಿಯಷ್ಟು ಕಪ್ಪು ಕೂದಲು ಕಂಡು ಮತ್ತೆ ಒಳಸರಿದದ್ದು, ಹಣೆ, ಮುಚ್ಚಿದ ಕಣ್ಣು, ಚಪ್ಪಟೆ ಮೂಗು, ಆಮೇಲೆ ಮುಖ ತಾನಾಗಿ ಪಕ್ಕಕ್ಕೆ ತಿರುಗಿದ್ದು, ಭುಜ ಬಂದದ್ದೇ ತಡ ಇಡೀ ಮಗು ಜಾರಿ ಸಿಸ್ಟರ್ ಕೈಗೆ ಬಂದದ್ದು. ಅವಳು ಇನ್ನೊಂದು ಸಲ ಹೇಳು ಎಂದಳು. ಇನ್ನೊಂದು ಸಲವೂ ಹಾಗೆಯೇ ಹೇಳಿದೆ. ಸೇರಿಸಲು ಏನೂ ಬೇಕಿರಲಿಲ್ಲ.