ತಮ್ಮಣ್ಣನ ನಾಲಿಗೆಗೆ ರಜೆ

ಒದ್ದೆ ಕೌದಿಯ ಒಂದು ತುದಿ ಬಸವಣ್ಣೆವ್ವನ ಕೈಯಲ್ಲಿತ್ತು, ಇನ್ನೊಂದು ತುದಿ ಮಗ ತಮ್ಮಣ್ಣನ ಕೈಯಲ್ಲಿ. ಕೌದಿ ಹಿಂಡಬೇಕೆಂದರೆ ಒಬ್ಬರು ತಿರುವಿದ್ದಕ್ಕೆ ಎದುರಾಗಿ ಇನ್ನೊಬ್ಬರು ತಿರುವಬೇಕು. ಮಾತಿನ ಭರದಲ್ಲಿದ್ದ ತಮ್ಮಣ್ಣ ತಾಯಿ ತಿರುವಿದ ಕಡೆಗೇ ತಿರುವುತ್ತಿದ್ದ. ಕೌದಿ ಉರುಳುತ್ತಿತ್ತೇ ಹೊರತು ಹನಿ ನೀರು ಬಿಡುತ್ತಿರಲಿಲ್ಲ.

"ಖಾನಾಪುರಕ್ಕ ಪತ್ರ ಬರದೀ ಇಲ್ಲೋ?" ಎಂದು ಕೇಳಿದಳು ಬಸವಣ್ಣೆವ್ವ.

"ಪತ್ರ ಯಾಕ ಬೇ? ಖುದ್ದ ಹೋಗಿ ಹೇಳ್ತೇನಿ. ಮಾತಿನ ಮುಂದ ಕಾಗದದ್ದೇನ್ ನಡಿತೈತಿ? ಮೊನ್ನಿ ಅಂಗಡ್ಯಾಗ ಒಬ್ಬಾಕಿ ಏನೂ ತಗೋಳೂದಿಲ್ಲಂತ ಬಂದಾಕಿ ಎರಡ ಇಳಕಲ್ ಸೀರಿ ಒಯ್ದಳು."

"ಅದಲ್ಲೋ, ನಾ ಹೇಳೂದು ಏನಂದ್ರ..."

"ನೀ ಏನ್ ಹೇಳ್ತಿ ಗೊತ್ತೈತಿ ಬಿಡು," ಎಂದು ತಮ್ಮಣ್ಣ ಮತ್ತೆ ಸೀರೆಯ ಕಥೆಗೆ ಹೋದ. ಬಸವಣ್ಣೆವ್ವ ಬಾಯಿ ಮುಚ್ಚಿಕೊಂಡು ಕೌದಿ ಹಿಂಡಿದಳು.

ಬೆಳಗಾವಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಮಾರುವ ತಮ್ಮಣ್ಣ ಅನ್ನ ಸಂಪಾದಿಸುತ್ತಿದ್ದದ್ದೇ ನಾಲಿಗೆಯಿಂದ. ದೀಪಾವಳಿ ಮುಗಿದ ಮೇಲೆ ಅವನು ಖಾನಾಪುರಕ್ಕೆ ಹೆಣ್ಣು ನೋಡಲು ಹೋಗಿದ್ದ. ಹುಡುಗಿ ರೇಣವ್ವ ದೇಸೂರಿನ ಶಾಲೆಯಲ್ಲಿ ಕಲಿಸುವವಳು, ದಿನಾ ರೈಲಿನಲ್ಲಿ ಹೋಗಿಬರುವವಳು. ಅವಳು ಕೇಳಿದ್ದು ಒಂದೇ ಮಾತು: "ಲಗ್ನ ಆದಮ್ಯಾಲೂ ನಾ ಸಾಲಿ ಬಿಡೂದಿಲ್ಲ. ನಿಮ್ಮ ಮನ್ಯಾಗ ಒಪ್ತಾರೇನ್ರಿ?"

ತಮ್ಮಣ್ಣ ರೈಲನ್ನು ಹೊಗಳಿದ, ದೇಸೂರಿನ ಹವೆಯನ್ನು ಹೊಗಳಿದ, ಶಾಲೆಗೆ ಹೋಗುವವರಿಗೆ ಎಂಥ ಸೀರೆ ಒಪ್ಪುತ್ತದೆಂದೂ ಹೇಳಿದ. ರೇಣವ್ವ ನಕ್ಕುಬಿಟ್ಟಳು. "ಬರದ ತಿಳಸ್ರಿ. ಬರಿಯೂಮುಂದ ಹೌದು, ಇಲ್ಲ, ಎರಡರಾಗ ಒಂದ ಬರೀಲೇಬೇಕಾಕ್ಕೈತಿ."

ಆ ನಗುವಿಗೇ ಅವನು ಸೋತಿದ್ದ. ಆದರೆ ಹೌದೆಂದು ಬರೆಯಬೇಕಾದರೆ ಮೊದಲು ಅವ್ವನನ್ನು ಕೇಳಬೇಕು. ಅವ್ವನಿಗೆ ಮೊಣಕಾಲು ನೋವು, ಮನೆಯಲ್ಲೇ ಇರುವ ಸೊಸೆ ಬೇಕೆನ್ನುತ್ತಾಳೆ ಎಂದು ಅವನ ಅಳುಕು. ಕೇಳುವ ಬದಲು ಉಳಿದದ್ದೆಲ್ಲ ಮಾತಾಡಿ ದಿನ ದೂಡಿದ್ದ.

ಈಗ ಖಾನಾಪುರದಿಂದ ಬೆಣ್ಣೆ ತಂದು ಮಾರುವ ಸಿದರಾಯ, ಹುಡುಗಿಯ ತಂದೆ ಬಸಲಿಂಗಪ್ಪನ ಮಾತನ್ನೂ ಹೊತ್ತು ತಂದಿದ್ದ. "ಸೋಮವಾರ ಲೋಂಡಾದಿಂದ ಬ್ಯಾರೆ ಮಂದಿ ಬರಾಕತ್ತಾರ. ಅಷ್ಟರಾಗ ನಿಮ್ಮ ಕಡಿಂದ ಉತ್ತರ ಬರಲಿಲ್ಲಂದ್ರ ಅವರಿಗೇ ಹೂಂ ಅಂತಾರಂತ, ಖರೇನ."

"ಗುರುವಾರ ನಮ್ಮ ಈರಣ್ಣನ ಲಗ್ನದ ಗುಗ್ಗಳ, ಶುಕ್ರವಾರ ಅಕ್ಕಿಕಾಳು. ರವಿವಾರ ಹೋಗಿ ಬಾಯಿಲೇ ಹೇಳಿ ಬರ್ತೇನಿ," ಎಂದಿದ್ದ ತಮ್ಮಣ್ಣ.

ಈರಣ್ಣ ಅವನ ಚಿಕ್ಕಪ್ಪನ ಮಗ. ವೀರಭದ್ರನ ಒಕ್ಕಲಾದ ಆ ಮನೆತನದಲ್ಲಿ ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಮೊದಲು ಕೆಂಡದ ಕೊಡ ಹೊತ್ತ ಗುಗ್ಗಳದ ಮೆರವಣಿಗೆ ಗುಡಿಗೆ ಹೊರಡಬೇಕು, ಮನೆಯವನೊಬ್ಬ ನಾಲಿಗೆಗೆ ಶಸ್ತ್ರ ಹಾಕಿಸಿಕೊಳ್ಳಬೇಕು. ಈ ಸಲ ತಮ್ಮಣ್ಣನ ಪಾಳಿ. ಸಂಬಾಳ ವಾದ್ಯದ ಸದ್ದಿನ ನಡುವೆ, ವೀರಭದ್ರನ ಒಡಪು ಹೇಳಿ ಕುಣಿಯುವ ಪುರವಂತ ಚನ್ನಬಸಯ್ಯ ದಬ್ಬಣದಂಥ ಶಸ್ತ್ರವನ್ನು ಅವನ ನಾಲಿಗೆಯಲ್ಲಿ ಹಾಯಿಸಿದ. ಗುಡಿ ಮುಟ್ಟಿದ ಮೇಲೆ ತೆಗೆದು ವಿಭೂತಿ ಒತ್ತಿದ. ರಕ್ತ ಬರಲಿಲ್ಲ.

"ಇವತ್ತು ನಾಳಿ ಮಾತಿಲ್ಲ, ಎಲಿ ಅಡಿಕಿ ಇಲ್ಲ. ತಣ್ಣನ್ನ ಮಜ್ಜಿಗಿ ಅನ್ನ ಉಣ್ಣಪಾ," ಎಂದ ಚನ್ನಬಸಯ್ಯ.

ಅಂಥ ಸಾಹಸವನ್ನು ಹೇಳದೆ ಇರುವುದೆಂದರೆ ತಮ್ಮಣ್ಣನಿಂದ ಆಗುವ ಕೆಲಸವೇ? ನೋವೇ ಆಗಲಿಲ್ಲ ಎಂದು ಒಂದೊಂದು ಗುಂಪಿಗೂ ಹೋಗಿ ಹೇಳಿದ. ಒಂದೊಂದು ಗುಂಪಿನವರೂ ಸುಣ್ಣ ಹಚ್ಚಿದ ಎಲೆ ಮಡಿಚಿ ಕೊಟ್ಟರು. ಸಂಜೆಯವರೆಗೆ ಮೆದ್ದ, ಹೇಳಿದ.

ಮರುದಿನ ಎದ್ದಾಗ ಬಾಯಿಯಲ್ಲಿ ನಾಲಿಗೆಯ ಬದಲು ಹೋಳಿಗೆ ಇಟ್ಟಂತಿತ್ತು. ಮಾತೆಲ್ಲ ದಿಂಬಿನ ಅಡಿಯಿಂದ ಬಂದ ಹಾಗೆ. ರ, ಳ, ಟ ಎಂಬ ಅಕ್ಷರಗಳು ಬಾಯಿಯೊಳಗೇ ಉಳಿದವು.

"ನಮ್ಮ ಮನಿ ಲಗ್ನದಾಗ ಇಷ್ಟ ಶಾಂತಿ ಎಂದೂ ಕಂಡಿರಲಿಲ್ಲ ಬಿಡ್ರಿ," ಎಂದಳು ಚಿಕ್ಕಮ್ಮ.

ಡಾಕ್ಟರು ನಾಲಿಗೆ ನೋಡಿ ತಲೆ ಅಲ್ಲಾಡಿಸಿದರು. "ತೂತು ಸಣ್ಣದೈತಿ, ಆಗಲೇ ಕೂಡಾಕತ್ತೈತಿ. ಬಾವು ಬಂದದ್ದು ಸುಣ್ಣಕ್ಕ, ಮಾತಿಗೆ. ಉಪ್ಪುನೀರು ಮುಕ್ಕಳಸು. ನಾಲಿಗಿಯಷ್ಟು ಲಗೂ ಮಾಯೂದು ಮೈಯಾಗ ಬ್ಯಾರೆ ಇಲ್ಲ, ಅದನ್ನ ಸುಮ್ನ ಬಿಟ್ರ. ಒಂದ ವಾರ ಬಾಯಿ ಮುಚ್ಚು."

ವಾರವೆಂದರೆ ಸೋಮವಾರ ದಾಟಿ ಹೋಗುತ್ತದೆ. ತಮ್ಮಣ್ಣ ಕನ್ನಡಿಯ ಮುಂದೆ ನಿಂತು 'ರೇಣವ್ವ' ಅಂದು ನೋಡಿದ. ಜೊಲ್ಲು ಅಂಗಿಯ ಮೇಲೆ ಬಿತ್ತು. ಈ ಬಾಯಿ ಹೊತ್ತು ಹೋದರೆ, ಹುಡುಗ ಕುಡಿದು ಬಂದಿದ್ದಾನೆಂದುಕೊಂಡು ಬಸಲಿಂಗಪ್ಪ ಹೊಸಿಲು ದಾಟಗೊಡುವುದಿಲ್ಲ.

ಶನಿವಾರ ಬೀಗರು ಹೊದ್ದ ಕೌದಿಗಳನ್ನು ಮತ್ತೆ ಒಗೆಯಬೇಕಾಯಿತು. ಮಾತಿಲ್ಲದ ತಮ್ಮಣ್ಣ ಸರಿಯಾಗಿ ತಾಯಿಗೆ ಎದುರಾಗಿ ತಿರುವಿದ. ನೀರು ದಳದಳನೆ ಇಳಿಯಿತು. ಬಸವಣ್ಣೆವ್ವ ಅವನ ಮುಖ ನೋಡಿದಳು, ಬಾಯಿ ಮುಚ್ಚಿಯೇ ಇದೆ.

"ಇವತ್ತರ ಹೇಳಿ ಮುಗಸ್ತೇನಿ. ಅಕಿ ಏನ್ ಕೇಳ್ಯಾಳಂತ ಸಿದರಾಯ ನನಗ ಹೇಳ್ಯಾನ. ಆ ಹುಡಿಗಿ ಸಾಲಿ ಬಿಡೂದು ಬ್ಯಾಡ. ಖಾನಾಪುರದಿಂದ ಹೋಗಾಕಿ ಇಲ್ಲಿಂದ ಹೋಗ್ತಾಳ, ಅದರಾಗೇನೈತಿ? ಬುತ್ತಿ ನಾ ಕಟ್ತೇನಿ. ಮೊಣಕಾಲ ನೋಯ್ತಾವು ಖರೇ, ರೊಟ್ಟಿ ಬಡಿಯೂದು ಮೊಣಕಾಲಿಲೇ ಅಲ್ಲಲಾ. ಸಂಜಿಕ ಬಂದು ನನಗೊಂದೀಟು ಅಕ್ಷರ ತಿದ್ದಸಲಿ, ಅಷ್ಟ ಸಾಕು."

ತಮ್ಮಣ್ಣನ ಕೈಯಿಂದ ಕೌದಿ ಜಾರಿ ಕೆಸರಿಗೆ ಬಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೈಯಲ್ಲೇ ಕೇಳಿದ.

"ಹೇಳಾಕ ನೀ ಜಾಗಾ ಬಿಟ್ಟಿದ್ದೇನು? ಕೌದಿ ಎತ್ತು ಮದಲ."

ಕೌದಿ ಎತ್ತಿ ಹಗ್ಗಕ್ಕೆ ಹಾಕಿ ಅವನು ಬರೆಯಲು ಕೂತ. ಮೊದಲ ಹಾಳೆ ಗುಗ್ಗಳದ ವರ್ಣನೆಯಲ್ಲೇ ತುಂಬಿತು. ಬರೆದದ್ದನ್ನು ಗಟ್ಟಿಯಾಗಿ ಓದಹೋಗಿ ನಾಲಿಗೆ ಚುರುಕ್ಕೆಂದಿತು. ಹಾಳೆ ಹರಿದ. ಇನ್ನೊಂದರಲ್ಲಿ ಇಷ್ಟೇ ಬರೆದ: 'ರೇಣವ್ವ ಅವರಿಗೆ ಶರಣು. ನೀವು ಕೇಳಿದ್ದಕ್ಕೆ ಉತ್ತರ, ಹೌದು. ಶಾಲೆ ಬಿಡಬೇಡಿರಿ. ಅವ್ವ ಬುತ್ತಿ ಕಟ್ಟುತ್ತಾಳೆ. ನೀವು ನನ್ನ ಮನಸ್ಸಿಗೆ ಬಂದಿದ್ದೀರಿ, ನಾನೂ ನಿಮ್ಮ ಮನಸ್ಸಿಗೆ ಬಂದರೆ ಸಾಕು. ತಮ್ಮಣ್ಣ.'

ಟಪಾಲಿಗೆ ಹಾಕಿದರೆ ಸೋಮವಾರಕ್ಕೆ ಮುಟ್ಟುವ ಭರವಸೆ ಇರಲಿಲ್ಲ. ಅವನು ಸೈಕಲ್ ತುಳಿದು ಸ್ಟೇಷನ್ ಮುಟ್ಟಿದಾಗ ಸಿದರಾಯ ಖಾಲಿ ಬೆಣ್ಣೆ ಗಡಿಗೆಗಳ ಜೊತೆ ರೈಲು ಡಬ್ಬಿಯ ಬಾಗಿಲಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ. ತಮ್ಮಣ್ಣ ಪತ್ರ ಚಾಚಿದ.

ಸಿದರಾಯ ಅದನ್ನು ರುಮಾಲಿನ ಮಡಿಕೆಗೆ ಸಿಕ್ಕಿಸಿಕೊಂಡ. "ಬಾಯಿಲೇ ಏನರ ಹೇಳೂದೈತೇನು?"

ತಮ್ಮಣ್ಣ ಬಾಯಿ ತೆರೆದ. ಮತ್ತೆ ಮುಚ್ಚಿ, ಇಲ್ಲವೆಂದು ತಲೆ ಅಲ್ಲಾಡಿಸಿದ. ರೈಲು ಪತ್ರ ಹೊತ್ತುಕೊಂಡು ದೇಸೂರಿನ ಮೇಲೆ ಹಾಯ್ದು ಖಾನಾಪುರದ ಕಡೆ ಹೊರಟಿತು.